ರೈಲಂಗಡಿಯ ಹಿತ್ತಾಳೆ ಗುಂಡು

ಶ್ರೀರಂಗಪಟ್ಟಣ
8 ಜನವರಿ 2024

ಕನಕನಿಗೆ ಉಮಕ್ಕನ ಆಶೀರ್ವಾದ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಅಂದುಕೊಳ್ಳಬೇಡ. ಹೋದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ ಬಾಯಲ್ಲಿ 'ಅಪ್ಪ' ಅನ್ನುವ ಮಾತು ಬರುವಷ್ಟರಲ್ಲಿ ನೀನು ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀಯ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಬುದ್ಧಿ ನನಗೆ ಗೊತ್ತು.

ವಿಷಯ ಇಷ್ಟೇ. ರೈಲಂಗಡಿಯನ್ನು ಖಾಲಿ ಮಾಡಬೇಕು. ಕಟ್ಟಡದ ಯಜಮಾನರು ಚಿಕ್ಕಸ್ವಾಮಿಯವರು ತೀರಿಕೊಂಡ ಅವ್ವನ ಮೇಲಿನ ಗೌರವಕ್ಕೆ ಇಷ್ಟು ವರ್ಷ ಸುಮ್ಮನಿದ್ದರು. ಈಗ ಅವರ ಮಗ ರವೀಂದ್ರ ಹಳೆಯದನ್ನು ಕೆಡವಿ ಹೊಸದು ಕಟ್ಟಿಸುತ್ತಾನೆ. ಫೆಬ್ರವರಿ 26, ಸೋಮವಾರ ಬಡಗಿಗಳು ಬರುತ್ತಾರೆ. ಆಟದ ರೈಲು ಓಡುವ ಹದಿನೆಂಟು ಅಡಿ ಮೇಜು, ಅಪ್ಪ ಒಳಗೇ ಕೂತು ಕಟ್ಟಿದ್ದು, ಯಾವ ಬಾಗಿಲಿಂದಲೂ ಇಡಿಯಾಗಿ ಹೊರಗೆ ಬರುವುದಿಲ್ಲ. ಕತ್ತರಿಸಬೇಕು. ಅಪ್ಪ ಒಪ್ಪಿದರು. ಒಂದೇ ಮಾತು ಹೇಳಿದರು. "ಕುಯ್ಯೋಕೆ ಮುಂಚೆ ಒಂದ್ಸಲ ಗಾಡಿ ಓಡ್ಬೇಕು. ಗುಂಡು ತರ್ಸು." ಒಂಟಿ ಹಳಿಯ ಕಾಲದಲ್ಲಿ ಡ್ರೈವರ ಕೈಗೆ ಗುಂಡು ಬಂದರೆ ಮಾತ್ರ ರೈಲು ಹೊರಡುತ್ತಿತ್ತಲ್ಲ, ಅಪ್ಪನ ಮೇಜಿನ ಮೇಲೂ ಆ ಹಿತ್ತಾಳೆ ಗುಂಡನ್ನು ಸ್ಟೇಷನ್ನಿನ ಬಟ್ಟಲಿಗೆ ಇಟ್ಟರೇ ಗಾಡಿ.

ಕನಕ, ಅಪ್ಪನ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಎದುರಿಗಿರುವ ಅಂಗೈ ಅಗಲದಷ್ಟು ಕಾಣುತ್ತದೆ, ಅದೂ ಮಳೆಗಾಲದವರೆಗೆ ಇದ್ದರೆ ಹೆಚ್ಚು ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ಈಗಲೂ ದಿನಾ ಬೆಳಿಗ್ಗೆ ನಮ್ಮ ಮನೆಯಿಂದ ಎರಡು ಬೀದಿ ದಾಟಿ ಹೋಗಿ ಅಂಗಡಿಯ ಬೀಗ ತೆಗೆಯುತ್ತಾರೆ. ಹಳಿಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾರೆ. ಹನ್ನೊಂದು ವರ್ಷದಿಂದ ಒಂದು ಗಾಡಿಯೂ ಓಡದ ಹಳಿ ಅದು.

ನಿನ್ನೆ ನಾನೂ ಹೋಗಿದ್ದೆ. ಅವ್ವ ಗಲ್ಲಾಪೆಟ್ಟಿಗೆ ಹಿಂದೆ ಕೂತು ಹೀರೇಕಾಯಿ ನಾರಿಗೆ ಹಸಿರು ಬಣ್ಣ ಅದ್ದಿ ಮಾಡಿದ ಮರಗಳು ಇನ್ನೂ ಹಾಗೇ ಇವೆ. ಪೊರಕೆ ಕಡ್ಡಿಯ ಕಬ್ಬಿನ ಗದ್ದೆಗೆ ಜೇಡ ಬಲೆ ಕಟ್ಟಿದೆ. ಗಾಜಿನ ಕಾವೇರಿಯ ಮೇಲೆ ನೀನು ಬಿಟ್ಟ ತಗಡಿನ ತೆಪ್ಪವೂ ಇದೆ. ನಾಗಮಂಗಲದ ಅಣ್ಣಮ್ಮ ನೆನಪಿದ್ದಾಳಾ? ನಮ್ಮೂರಿಗೆ ರೈಲೇ ಇಲ್ಲ ಅಂತ ಮಕ್ಕಳನ್ನು ಕಟ್ಟಿಕೊಂಡು ಬಂದು, ಗುಂಡನ್ನು ಎರಡೂ ಕೈಯಲ್ಲಿ ಹಿಡಿದು, ಶ್ರೀರಂಗಪಟ್ಟಣದ ಬಟ್ಟಲಿಗೆ ಇಟ್ಟು ಗಾಡಿ ಹೊರಟ ಕೂಡಲೇ ಕೈ ಮುಗಿದಳಲ್ಲ, ಅವಳ ನೆನಪಾಗಿ ಅಲ್ಲೇ ಕೂತುಬಿಟ್ಟೆ.

ಗುಂಡನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ನೀನು ಬರುವ ಕಷ್ಟ ಬೇಡ.

ಉಮ

—

ಕೃಷ್ಣರಾಜಪೇಟೆ
19 ಜನವರಿ 2024

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ನಾನು ಬರುವ ಕಷ್ಟ ಬೇಡ ಎಂದು ಬರೆದಿದ್ದೀಯ. ಅದು ನಿನ್ನ ಮಾತೋ ಅವರ ಮಾತೋ ನಾನು ಕೇಳುವುದಿಲ್ಲ.

ಗುಂಡು ನನ್ನ ಹತ್ತಿರ ಇಲ್ಲ. ಇದೆ ಎಂದು ಯಾರು ಹೇಳಿದರು?

ನಿನಗೆ ಅಣ್ಣಮ್ಮ ನೆನಪಾದರೆ ನನಗೆ ನೆನಪಾಗುವುದು ಬೇರೆ. ಆರನೇ ಕ್ಲಾಸಿನಲ್ಲಿದ್ದೆ. ನೀನು ಮೇಜಿನ ಪಾಂಡವಪುರದ ತುದಿಯಲ್ಲಿ ಕೂತು ಗುಂಡು ಕೊಡಲಿಲ್ಲ. ನಾನು ನೋಟ್‌ಬುಕ್ಕಿನ ಹಾಳೆ ಹರಿದು 'ಲೈನ್ ಕ್ಲಿಯರ್, ಸ್ಟೇಷನ್ ಮಾಸ್ತರ್ ಕನಕರಾಜು' ಎಂದು ಬರೆದೆ. ಕರೆಂಟು ಹರಿಯಲು ಗುಂಡಿನ ಬದಲು ಬಟ್ಟಲಿಗೆ ಅಡ್ಡ ಒಂದು ಮೊಳೆ ಇಟ್ಟೆ. ಗಾಡಿ ಹೊರಟಿತು. ಅಷ್ಟರಲ್ಲಿ ಅವರು ಸ್ಟೇಷನ್ನಿನಲ್ಲಿ ಹಳಿ ತಿರುಗಿಸುವ ಡ್ಯೂಟಿ ಮುಗಿಸಿಕೊಂಡು ಬಂದರು.

"ಏನ್ಲಾ ಇದು?"

"ಚೀಟಿ ಕಣಪ್ಪ. ಗುಂಡು ಸಿಗ್ದಿದ್ರೆ ಕಾಗ್ದದ ಮೇಲೆ ಬರ್ದು ಕೊಡ್ತಾರೆ ಅಂತ ನೀನೇ ಯೋಳಿದ್ದಲ್ಲ."

"ಮಾಸ್ತರು ಬರ್ದು ಕೊಡ್ತಾರೆ. ನೀನು ಮಾಸ್ತರ? ನಿಮ್ಮಪ್ಪ ಮಾಸ್ತರ? ಇಪ್ಪತ್ನಾಕ್ ವರ್ಸ ಪಾಯಿಂಟ್ಸ್‌ಮನ್ ಆಗಿವ್ನಿ, ಒಂದಿನ ಅಂತ ಚೀಟಿ ಬರೆಯೋಕೆ ಕೈ ಆಕಿಲ್ಲ. ಗುಂಡಿಲ್ದೆ ಗಾಡಿ ಬುಟ್ರೆ ಜನ ಸಾಯ್ತಾರೆ ಕಣ್ಲಾ."

ಕಿವಿ ಹಿಂಡಿದರು. ಎಂಟು ದಿನ ಅಂಗಡಿಯೊಳಗೆ ಬಿಡಲಿಲ್ಲ. ಅವ್ವ ಹೇಳಿದರೂ ಕೇಳಲಿಲ್ಲ. ಮರದ ಗಾಡಿಗೂ ಅಷ್ಟು ಕಾನೂನು. ಸರಿ, ಅದನ್ನೂ ಒಪ್ಪುತ್ತೇನೆ. ಆದರೆ ಅಂಥ ಮನುಷ್ಯ ಅವ್ವ ತೀರಿಕೊಂಡ ದಿನ ಏನು ಮಾಡುತ್ತಿದ್ದರು? ನಾನು ಸುದ್ದಿ ಕೇಳಿ ಕೆ.ಆರ್. ಪೇಟೆಯಿಂದ ಓಡಿ ಬಂದರೆ, ಆಗ ಅವರಿಬ್ಬರೂ ವಾಸವಿದ್ದ ಹಿಂದಿನ ಕೋಣೆಯಲ್ಲಿ ಅವ್ವ ಹೆಣವಾಗಿ ಮಲಗಿದ್ದಾಳೆ, ಮುಂದೆ ಅಂಗಡಿಯಲ್ಲಿ ಇವರು ಗಾಡಿ ಓಡಿಸುತ್ತಾ ನಿಂತಿದ್ದಾರೆ. ಕಣ್ಣಾರೆ ನೋಡಿದೆ. ಆ ದಿನ ಗುಂಡಿಲ್ಲದೆ ಓಡಿಸಿದವರಿಗೆ ಈಗ ಯಾಕೆ ಬೇಕು? ಅವತ್ತಿನ ಹಾಗೇ ಓಡಿಸಲಿ.

ಸುಮ ನಿನ್ನನ್ನು ಕೇಳಿದಳು. ಇಲ್ಲಿ ಲೇತ್ ಕೆಲಸ ಬಿಡುವಿಲ್ಲ. ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿ ಕಡೆಯ ಟ್ರಾಕ್ಟರುಗಳೆಲ್ಲ ಈಗಲೇ ಕೆಡುತ್ತವೆ.

ಕನಕರಾಜು

—

ಶ್ರೀರಂಗಪಟ್ಟಣ
24 ಜನವರಿ 2024

ಕನಕನಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ದಿನ ಅಪ್ಪ ಗುಂಡಿಲ್ಲದೆ ಗಾಡಿ ಓಡಿಸಿದರು ಎಂದು ಬರೆದಿದ್ದೀಯಲ್ಲ, ಅಂಗಡಿಯಲ್ಲಿ ಗುಂಡು ಇರಲಿಲ್ಲ ಎಂದು ನಿನಗೆ ಹೇಗೆ ಗೊತ್ತು? ನೀನು ಬಂದವನು ಬಾಗಿಲಲ್ಲೇ ನಿಂತು ಬೈದೆ, ನೇರ ಅವ್ವನ ಹತ್ತಿರ ಹೋದೆ. ಬಟ್ಟಲಿನ ಹತ್ತಿರ ಸುಳಿಯಲೂ ಇಲ್ಲ. ಅಲ್ಲಿ ಗುಂಡಿರಲಿಲ್ಲ ಅಂತ ತಿಳಿದಿರಬೇಕಾದರೆ ಅದು ನಿನ್ನ ಜೇಬಿನಲ್ಲೇ ಇರಬೇಕು.

ನಾನೇನು ಪತ್ತೇದಾರಿಕೆ ಮಾಡಲಿಲ್ಲ. ಹೋದ ವರ್ಷ ಮದುವೆಮನೆಯಲ್ಲಿ ನಿನ್ನ ಹೆಂಡತಿ ಸುಮನೇ ಹೇಳಿದಳು, ನಿಮ್ಮ ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಪಕ್ಕ ಒಂದು ಹಿತ್ತಾಳೆ ಗುಂಡಿದೆ, ನೀನು ಅದನ್ನು ಯಾರಿಗೂ ಮುಟ್ಟಿಸುವುದಿಲ್ಲ ಎಂದು. ಪಾಪ, ಅವಳನ್ನು ಬೈಯಬೇಡ. ಅದೇನೆಂದು ಅವಳಿಗೆ ಗೊತ್ತಿಲ್ಲ.

ಈ ಹನ್ನೊಂದು ವರ್ಷವೂ ಅಪ್ಪ ಒಂದೇ ತಿಳಿದಿದ್ದಾರೆ. "ಅವ್ನು ತಕೊಂಡೋಗವ್ನೆ. ನನ್ ಲೈನು ನಿಲ್ಸಬೇಕು ಅಂತ ತಕೊಂಡೋಗವ್ನೆ." ನಾನು ಎಷ್ಟೋ ಸಲ ಹೇಳಿದೆ, ಬೇರೆ ಒಂದು ಮಾಡಿಸೋಣ, ನಿಂಬೆಹಣ್ಣಿನಷ್ಟು ಹಿತ್ತಾಳೆ, ಅರ್ಧ ದಿನದ ಕೆಲಸ. ಅದಕ್ಕೆ ಅವರು, "ಒಂದು ಲೈನಿಗೆ ಒಂದೇ ಗುಂಡು. ಎಲ್ಡಾದ್ರೆ ಅದು ಗುಂಡಲ್ಲ, ಗೋಲಿ" ಅಂದರು. ಮಾತು ಮುಗಿಯಿತು. ಬಂದ ಗಿರಾಕಿಗಳಿಗೆಲ್ಲ "ಲೈನ್ ಬಂದ್ ಆಗದೆ" ಎಂದು ಹೇಳಿ ಕಳಿಸಿದರು. ಆಮೇಲೆ ಗಿರಾಕಿಗಳು ಬರುವುದೂ ನಿಂತಿತು. ಹೊರಗೆ ದೊಡ್ಡ ಸ್ಟೇಷನ್ನಿನಲ್ಲಿ ಜೋಡಿ ಹಳಿ ಬಂದು, ನಿಜವಾದ ಗುಂಡುಗಳೆಲ್ಲ ಗುಜರಿಗೆ ಹೋದವು. ಇವರ ಮೇಜಿನ ಮೇಲೆ ಮಾತ್ರ ಇನ್ನೂ ಅದೇ ಕಾನೂನು.

ತಂದೆ ಮಗ ಇಬ್ಬರೂ ಒಂದೇ ಅಚ್ಚು. ನಡುವೆ ನನ್ನ ತಲೆ ಚಟ್ನಿ.

ಇನ್ನು ಒಂದು ತಿಂಗಳು ಎರಡು ದಿನ ಇದೆ. ಕಳಿಸುತ್ತೀಯೋ ಇಲ್ಲವೋ, ಒಂದು ಮಾತು ಬರೆ.

ಉಮ

—

ಕೃಷ್ಣರಾಜಪೇಟೆ
3 ಫೆಬ್ರವರಿ 2024

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ನೀವು ಕೇಳಿದ ವಸ್ತುವನ್ನು ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ. ಅದರ ಮೇಲೆ ಕೊರೆದ 'ಶ್ರೀ–ಪಾಂ' (ಶ್ರೀರಂಗಪಟ್ಟಣ–ಪಾಂಡವಪುರ) ಅಕ್ಷರಗಳನ್ನು ನೋಡಿ ಖಾತ್ರಿ ಮಾಡಿಕೊಳ್ಳಬಹುದು. ತಲುಪಿದ್ದಕ್ಕೆ ಒಂದು ಸಾಲು ಬರೆಯಬೇಕು. ಇನ್ನು ಈ ವಿಷಯದಲ್ಲಿ ನನ್ನಿಂದ ಬೇರೇನೂ ಬಾಕಿ ಇಲ್ಲವೆಂದು ತಿಳಿದಿದ್ದೇನೆ.

ಇತಿ,
ಕನಕರಾಜು

—

ಶ್ರೀರಂಗಪಟ್ಟಣ
9 ಫೆಬ್ರವರಿ 2024

ಕನಕ,

'ಪೂಜ್ಯ ಅಕ್ಕನವರಿಗೆ' ಅಂತ ಓದಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನೀನು ಬಹುವಚನ ಹಚ್ಚಿದೆ ಅಂದರೆ ಏನೋ ಮುಚ್ಚಿಡುತ್ತಿದ್ದೀಯ ಎಂದೇ ಅರ್ಥ. ನಾನು ಪೆದ್ದಿ, ಖುಷಿಯಲ್ಲಿ ಪಾರ್ಸೆಲ್ ಹಿಡಿದುಕೊಂಡು ಅಂಗಡಿಗೆ ಓಡಿದೆ.

ಅಪ್ಪ ಸ್ಟೂಲಿನ ಮೇಲೆ ಕೂತು ಸೇತುವೆಯ ಕಂಬ ಒರೆಸುತ್ತಿದ್ದರು. ಗುಂಡು ಬಂತಪ್ಪ ಎಂದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಚಾಚಿದರು. ಅಂಗೈಯಲ್ಲಿಟ್ಟೆ. ಒಂದು ಸಲ ಹೊರಳಿಸಿದರು. ಹೆಬ್ಬೆಟ್ಟಿನಿಂದ ಸುತ್ತಲೂ ತಡವಿದರು. ಇನ್ನೊಂದು ಸಲ ತಡವಿದರು.

"ಕೆಲ್ಸ ಚೆಂದಾಗದೆ," ಅಂದರು. "ಲೇತಲ್ಲಿ ಒಡ್ದವ್ನೆ. ಅಕ್ಸರಾನೂ ನನ್ಗಿಂತ ನೀಟಾಗಿ ಕೊರ್ದವ್ನೆ."

ನನಗೆ ಅರ್ಥವಾಗಲಿಲ್ಲ. ಏನಪ್ಪ ಅಂದೆ.

"ಇದು ಅದಲ್ಲ ಕಣವ್ವ. ಇದ್ರಲ್ಲಿ ನಿಮ್ಮವ್ವನ ಎಬ್ಬೆಟ್ಟಿಲ್ಲ."

ಆಗ ನನಗೆ ಹೊಳೆಯಿತು. ಇಪ್ಪತ್ತೆಂಟು ವರ್ಷ ಅವ್ವ ಗಲ್ಲಾಪೆಟ್ಟಿಗೆ ಹಿಂದೆ ಆ ಗುಂಡನ್ನು ಕೈಯಲ್ಲಿ ಹಿಡಿದು ಹೆಬ್ಬೆಟ್ಟಿನಿಂದ ಉಜ್ಜುತ್ತಾ ಕೂತಿರುತ್ತಿದ್ದಳು. ಅದರ ಒಂದು ಮಗ್ಗುಲು ಹುಣಸೆ ಬೀಜದಷ್ಟಗಲ ಸವೆದು ಚಪ್ಪಟೆಯಾಗಿತ್ತು. ನೀನು ಮಾಡಿದ್ದು ಸುತ್ತಲೂ ನುಣ್ಣಗಿದೆ. ಅದನ್ನು ಬಟ್ಟಲಿಗೆ ಇಟ್ಟರೆ ಗಾಡಿ ಓಡುತ್ತದೆ, ನನಗೂ ಗೊತ್ತು, ನಿನಗೂ ಗೊತ್ತು. ಹಾಗೇ ಹೇಳಿದೆ. ಅವರು ನನ್ನ ಕಡೆ ತಿರುಗಿ, ಆ ಅಂಗೈ ಅಗಲದ ನೋಟದಲ್ಲಿ ನನ್ನ ಮುಖ ಹುಡುಕಿ, "ಬೇಡ" ಅಂದರು. ಅಂಗಡಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. "ರವೀಂದ್ರಂಗೆ ಯೋಳ್ಬುಡು. ಯಾವಾಗ ಬೇಕಾದ್ರೂ ಕುಯ್ಕೊಳ್ಲಿ."

ನಾಲ್ಕು ದಿನವಾಯಿತು, ಅಂಗಡಿ ಕಡೆ ಹೋಗಿಲ್ಲ. ಹಜಾರದಲ್ಲಿ ಗೋಡೆ ಕಡೆ ಮುಖ ಮಾಡಿ ಕೂರುತ್ತಾರೆ. ಊಟ ಎರಡು ತುತ್ತು.

ಕೊಡುವುದಿಲ್ಲ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕಣ್ಣು ಕಾಣದವರಿಗೆ ಮೋಸ ಮಾಡಲು ಹೋದೆಯಲ್ಲ. ನಿನ್ನ ಗುಂಡನ್ನು ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಟ್ರಾಕ್ಟರಿಗೆ ಹಾಕಿಕೊ.

ಉಮ

—

ಕೃಷ್ಣರಾಜಪೇಟೆ
14 ಫೆಬ್ರವರಿ 2024

ಅಕ್ಕ,

ಹೌದು, ಮೋಸ ಮಾಡಿದೆ. ಅದನ್ನು ಮಾಡುವಾಗ ಮೂರು ಸಲ ಕೆಡಿಸಿದೆ. ಇಷ್ಟು ವರ್ಷದಲ್ಲಿ ನನ್ನ ಲೇತಿನಲ್ಲಿ ಒಂದೇ ವಸ್ತುವನ್ನು ಮೂರು ಸಲ ಕೆಡಿಸಿದ್ದು ಇದೇ ಮೊದಲು. ಚಪ್ಪಟೆ ಮಗ್ಗುಲನ್ನೂ ಮಾಡಬಹುದಿತ್ತು. ಅರದಲ್ಲಿ ಎರಡು ಎಳೆ ಎಳೆದರೆ ಮುಗಿಯುತ್ತಿತ್ತು. ಅರ ಕೈಗೆ ತೆಗೆದುಕೊಂಡೆ, ಆಗಲಿಲ್ಲ. ಅವ್ವನ ಹೆಬ್ಬೆಟ್ಟನ್ನು ನಾನು ಅರದಲ್ಲಿ ಮಾಡಲೇ?

ನಾನು ಕದ್ದಿಲ್ಲ. ಇದನ್ನು ನಿನಗೆ ಇದುವರೆಗೆ ಹೇಳಿಲ್ಲ. ಅವ್ವ ತೀರಿಕೊಂಡದ್ದು ಶುಕ್ರವಾರ. ಅದಕ್ಕೆ ಮುಂಚಿನ ಮಂಗಳವಾರ ನಾನು ನೋಡಲು ಬಂದಿದ್ದೆ. ನೀನು ಔಷಧಿ ತರಲು ಹೋಗಿದ್ದೆ. ಅವರು ಎಂದಿನಂತೆ ನನ್ನ ಜೊತೆ ಎರಡು ಮಾತು ಆಡಿ, 'ಕೆ.ಆರ್. ಪೇಟೇಲಿ ಕಬ್ಬಿಣ ಚೆನ್ನಾಗಿ ಬೇಯ್ತದಾ' ಎಂದು ಕುಟುಕಿ ಎದ್ದು ಹೋದರು. ನಾನು ಅಂಗಡಿ ನೋಡಿಕೊಳ್ಳದೆ ಲೇತ್ ಹಾಕಿದ್ದು ಅವರಿಗೆ ಯಾವತ್ತೂ ಸೇರಲಿಲ್ಲ. ನಾನು ಹೊರಡಲು ಎದ್ದೆ. ಅವ್ವ ಹತ್ತಿರ ಕರೆದು ದಿಂಬಿನ ಕೆಳಗಿಂದ ಗುಂಡು ತೆಗೆದು ನನ್ನ ಅಂಗಿ ಜೇಬಿಗೆ ಹಾಕಿದಳು. "ತಕೊಂಡೋಗು ಮಗ. ನಿಮ್ಮಪ್ಪಂಗೆ ಯೋಳ್ಬೇಡ" ಅಂದಳು. ಅಷ್ಟೇ. ನಾಲ್ಕನೇ ದಿನಕ್ಕೆ ಅವಳಿಲ್ಲ.

ಅವಳು ನನಗೆಂದು ಕೊಟ್ಟ ಕೊನೆಯ ವಸ್ತು. ಕಳಿಸು ಎನ್ನುತ್ತೀಯ. ಹೇಗೆ ಕಳಿಸಲಿ? ಅದೂ ಯಾರಿಗೆ? ಅವಳ ಹೆಣ ಇನ್ನೂ ಬೆಚ್ಚಗಿರುವಾಗ ಆಟದ ಗಾಡಿ ಓಡಿಸಿಕೊಂಡು ನಿಂತವರಿಗೆ. ಅವತ್ತು ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಊರಿಗೆಲ್ಲ ಕೇಳಿತು. 'ನಿನ್ಗೆ ಎಂಡ್ತಿಗಿಂತ ರೈಲು ಎಚ್ಚು.' ಅವರು ಅಲ್ಲ ಎಂದು ಒಂದು ಸಲ ಅಂದಿದ್ದರೆ ನಾನು ನಂಬುತ್ತಿದ್ದೆ. ಹನ್ನೊಂದು ವರ್ಷ ಕಾದೆ ಅಕ್ಕ, ಅವರು ಅಲ್ಲ ಎನ್ನಲಿಲ್ಲ.

ಮೇಜು ಕತ್ತರಿಸಲಿ.

ಕನಕ

—

ಶ್ರೀರಂಗಪಟ್ಟಣ
19 ಫೆಬ್ರವರಿ 2024

ಪ್ರೀತಿಯ ಕನಕ,

ನಿನ್ನ ಕಾಗದ ಶನಿವಾರ ಬಂತು. ಎರಡು ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಈಗ ಬರೆಯುತ್ತಿರುವುದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಪ್ಪನ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟಿದ್ದೆ. ಮುರಿಯುತ್ತಿದ್ದೇನೆ. ಪಾಪ ಬಂದರೆ ನನಗಿರಲಿ.

ಆ ಶುಕ್ರವಾರ ಬೆಳಿಗ್ಗೆ ಅವ್ವನಿಗೆ ಉಸಿರು ಕಷ್ಟವಾಗಿತ್ತು. ಅಪ್ಪ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅವಳು ಎರಡು ಚಮಚ ಕುಡಿದು ಸಾಕು ಎಂದು ಸನ್ನೆ ಮಾಡಿದಳು. ಆಮೇಲೆ, "ಗಾಡಿ ಬುಡಿ. ಸದ್ದು ಕೇಳ್ತಾ ಮಲಕ್ಕೋತೀನಿ" ಅಂದಳು. ಅಪ್ಪ ಎದ್ದು ಅಂಗಡಿಗೆ ಹೋಗಿ ಗುಂಡು ಹುಡುಕಿದರು. ಗಲ್ಲಾಪೆಟ್ಟಿಗೆ, ಮೇಜಿನ ಕೆಳಗೆ, ಬಣ್ಣದ ಡಬ್ಬಗಳ ಹಿಂದೆ, ಎಲ್ಲ ಕಡೆ. ನಾನೂ ಹುಡುಕಿದೆ. ಅವ್ವ ಒಳಗಿಂದ ಇನ್ನೊಂದು ಸಲ ಕೇಳಿದಳು, "ಬುಟ್ರಾ?" ಎಲ್ಲಿದೆ ಎಂದು ಅವಳನ್ನು ಕೇಳೋಣ ಎಂದೆ. ಬೇಡ, ಅವಳಿಗೆ ಮಾತಾಡಲು ಉಸಿರಿಲ್ಲ ಎಂದರು. ನಿನಗೆ ಕೊಟ್ಟದ್ದು ಆ ಹೊತ್ತಿನಲ್ಲಿ ಅವಳಿಗೆ ನೆನಪಿರಲಿಲ್ಲ ಅಂತ ಕಾಣುತ್ತದೆ.

ಆಗ ಅಪ್ಪ ಒಳಗಿಂದ ಗಂಜಿ ಚಮಚ ತಂದು ಶ್ರೀರಂಗಪಟ್ಟಣದ ಬಟ್ಟಲಿಗೆ ಅಡ್ಡ ಇಟ್ಟರು. ಗಾಡಿ ಹೊರಟಿತು. ನಿನ್ನ ಕಿವಿ ಹಿಂಡಿದ ಮನುಷ್ಯ ಕನಕ. ನಾನು ಅವ್ವನ ಹತ್ತಿರ ಕೂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಸೇತುವೆ ಮೇಲೆ ಸದ್ದು ಬದಲಾಗುತ್ತದಲ್ಲ, ಆ ಸದ್ದಿಗೆ ಸ್ವಲ್ಪ ನಕ್ಕಳು. ಗಾಡಿ ಪಾಂಡವಪುರ ಮುಟ್ಟುವುದರೊಳಗೆ ಹೋಗಿಬಿಟ್ಟಳು. ನಾನು ಕೂಗಿದೆ. ಅಪ್ಪ ಬಂದು ನೋಡಿ, ಕೆನ್ನೆ ಮುಟ್ಟಿ, ಮತ್ತೆ ಅಂಗಡಿಗೆ ಹೋಗಿ ಗಾಡಿಯನ್ನು ಹೋಗಿ ಬಂದು ಹೋಗಿ ಬಂದು ಓಡಿಸುತ್ತಲೇ ಇದ್ದರು. ನಿಲ್ಲಿಸಿದರೆ ಅವಳು ಹೋದದ್ದು ನಿಜವಾಗುತ್ತದೆ ಎಂದೋ ಏನೋ. ನೀನು ಕೆ.ಆರ್. ಪೇಟೆಯಿಂದ ಬಂದಾಗಲೂ ಅದನ್ನೇ ಮಾಡುತ್ತಿದ್ದರು.

ಅವರು ನಿನಗೆ ಯಾಕೆ ಅಲ್ಲ ಎನ್ನಲಿಲ್ಲ ಎಂದು ಕೇಳಿದ್ದೀಯ. ಹನ್ನೊಂದನೇ ದಿನ ಕಾರ್ಯ ಮುಗಿದ ಮೇಲೆ ನನಗೆ ಹೇಳಿದರು. "ಗುಂಡಿಲ್ದೆ ಗಾಡಿ ಬುಟ್ಟೆ. ಬುಟ್ಟ ಗಳಿಗೇಲೇ ಅವ್ಳು ಓದ್ಲು. ಇದ ಅವ್ನಿಗೆ ಯೋಳ್ಬೇಡ ಕಣವ್ವ. ರೈಲಿನ ಉಚ್ಚ ಅಂತ ಬೇಕಾದ್ರೆ ಬಯ್ಯಲಿ, ತಪ್ಪು ಗಾಡಿ ಬುಟ್ಟ ಅನ್ನಿಸ್ಕೊಳಾಕಾಗಕಿಲ್ಲ."

ಈಗ ಗೊತ್ತಾಯಿತಾ, ಅವರಿಗೆ ಆ ಗುಂಡೇ ಯಾಕೆ ಬೇಕು ಎಂದು? ಒಂದೇ ಒಂದು ಸಲ ಸರಿಯಾಗಿ ಓಡಬೇಕು. ಅವ್ವನ ಕೈ ಮುಟ್ಟಿದ ಗುಂಡಿಟ್ಟು ಓಡಬೇಕು. ಇಷ್ಟು ದಿನ ನಾನು ಬಾಯಿ ಕಟ್ಟಿಕೊಂಡಿದ್ದು ನನ್ನ ತಪ್ಪು. ಇಬ್ಬರನ್ನೂ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ, ಇಬ್ಬರನ್ನೂ ಕೊಂದೆ.

ಸೋಮವಾರ ಬಡಗಿಗಳು ಬರುತ್ತಾರೆ. ನೀನೇ ತಗೊಂಡು ಬಾ. ಬರುವ ಕಷ್ಟ ಬೇಡ ಎಂದು ಬರೆದವಳೂ ನಾನೇ, ಅಪ್ಪ ಹಾಗೆ ಹೇಳಿರಲಿಲ್ಲ. ನೀವಿಬ್ಬರೂ ಎದುರಾದರೆ ಮತ್ತೆ ಜಗಳವಾದೀತು ಎಂದು ಹೆದರಿದೆ.

ಉಮಕ್ಕ

—

ಕೃಷ್ಣರಾಜಪೇಟೆ
20 ಫೆಬ್ರವರಿ 2024

ಅಕ್ಕ,

ಇದಕ್ಕೆ ಉತ್ತರ ಬರೆಯಬೇಡ. ನಾನು ಇಲ್ಲಿರುವುದಿಲ್ಲ. ನಾಗಮಂಗಲದಲ್ಲಿ ಕುಳ್ಳಯ್ಯನವರ ತೆಂಗಿನ ನಾರಿನ ಮಿಲ್ಲಿಗೆ ಹೊಸ ಮೆಷಿನ್ ಕೂರಿಸಬೇಕು, ಹತ್ತು ದಿನದ ಕೆಲಸ. ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೆ, ನಾನಾಗಿಯೇ ಫೋನ್ ಮಾಡಿ ಈಗಲೇ ಬರುತ್ತೇನೆ ಎಂದೆ. ಇಪ್ಪತ್ತಾರನೇ ತಾರೀಕು ಕಳೆಯುವವರೆಗೆ ಅಲ್ಲೇ ಇರುತ್ತೇನೆ. ಫೋನು ಆಫ್ ಮಾಡಿ ಸುಮನ ಹತ್ತಿರ ಬಿಟ್ಟು ಹೋಗುತ್ತೇನೆ.

ದೇವರ ಗೂಡಿನಲ್ಲಿದ್ದ ಗುಂಡನ್ನು ಜೇಬಿಗೆ ಹಾಕಿಕೊಂಡಿದ್ದೇನೆ. ಮನೆಯಲ್ಲಿ ಬಿಟ್ಟರೆ ನೀನು ಬಂದು ಸುಮನ ಕೈಯಿಂದ ತೆಗೆದುಕೊಂಡು ಹೋಗುತ್ತೀಯ.

ಆ ಮೇಜು ಕತ್ತರಿಸುವ ಸದ್ದು ಕೆ.ಆರ್. ಪೇಟೆಗೂ ಕೇಳುತ್ತದೆ ಅನ್ನಿಸುತ್ತಿದೆ.

ಕನಕ

—

ಶ್ರೀರಂಗಪಟ್ಟಣ
24 ಫೆಬ್ರವರಿ 2024, ಶನಿವಾರ

ಕನಕ,

ನಮ್ಮಿಬ್ಬರ ಕಾಗದಗಳು ಎದುರುಬದುರು ಹೊರಟು ದಾರಿಯಲ್ಲೇ ಒಂದನ್ನೊಂದು ದಾಟಿಬಿಟ್ಟಿವೆ. ಸುಮನಿಗೆ ಫೋನ್ ಮಾಡಿದೆ. ನನ್ನ 19ರ ಕಾಗದ ಒಡೆಯದೆ ಟಿವಿ ಮೇಲೆ ಕೂತಿದೆಯಂತೆ. ಅದನ್ನು ಇವತ್ತೇ ನಾಗಮಂಗಲದ ಬಸ್ಸಿನವರ ಕೈಗೆ ಕೊಡು, ಕುಳ್ಳಯ್ಯನವರ ಮಿಲ್ಲಿಗೆ ತಲುಪಿಸಲಿ ಎಂದು ಹೇಳಿದ್ದೇನೆ. ಮೊದಲು ಅದನ್ನು ಓದು. ಆಮೇಲೆ ಇದರೊಳಗಿರುವ ಇನ್ನೊಂದು ಹಾಳೆ ಬಿಚ್ಚು.

ನಿನ್ನೆ ನಿನ್ನ 20ರ ಕಾಗದ ನೋಡಿದ ಮೇಲೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು. ನಿನ್ನ 14ರ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ, ಒಂದಕ್ಷರ ಬಿಡದೆ. 'ಕಬ್ಬಿಣ ಬೇಯ್ತದಾ' ಅನ್ನುವುದನ್ನೂ ಓದಿದೆ. ಗೋಡೆ ಕಡೆ ಮುಖ ಮಾಡಿ ಕೇಳುತ್ತಿದ್ದವರು ಅವ್ವ ಜೇಬಿಗೆ ಹಾಕಿದ ಮಾತು ಬಂದಾಗ ಈ ಕಡೆ ತಿರುಗಿದರು.

"ಅವ್ಳೇ ಕೊಟ್ಟಿದ್ಲಾ?"

"ಅವ್ಳೇ ಕೊಟ್ಟಿದ್ಲು ಕಣಪ್ಪ."

ಖಾಲಿ ಅಂಗೈಯನ್ನು ಹೆಬ್ಬೆಟ್ಟಿನಿಂದ ಒಂದು ಸಲ ತಡವಿಕೊಂಡರು. ಆಮೇಲೆ ಅಂದರು, "ಗುಂಡು ಕೊಟ್ಟು ಕಳ್ಸವ್ಳೆ ಅಂದ್ರೆ ಲೈನು ಅವುನ್ದು. ಕೈಲಿ ಗುಂಡಿದ್ದ ಗಾಡೀನ ಅನ್ನೊಂದ್ ವರ್ಸ ಒರಗೇ ನಿಲ್ಸಿವ್ನಲ್ಲವ್ವ ನಾನು."

ಆಮೇಲೆ ಕಾಗದ ಪೆನ್ನು ಕೇಳಿದರು. ನಾನು ಬರೆದುಕೊಡುತ್ತೇನೆ ಎಂದೆ, ಬೇಡ ಎಂದರು. ಹಾಳೆಯನ್ನು ಎಡಗಣ್ಣಿಗೆ ಹತ್ತಿರ ಹಿಡಿದು ಬರೆಯುತ್ತಾ ಇವತ್ತು ಮಧ್ಯಾಹ್ನದವರೆಗೂ ಕೂತಿದ್ದರು. ಮೂರು ಹಾಳೆ ಹಾಳಾಯಿತು. ಮೂರು ಗಂಟೆಗೆ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ಬಸ್ಸು ಇದೆ. ಕವರನ್ನು ತಾವೇ ಡ್ರೈವರಿಗೆ ಕೊಡುತ್ತಾರಂತೆ. ನನ್ನ ಕೈಗೆ ಕೊಡಲು ಒಪ್ಪುತ್ತಿಲ್ಲ.

ಉಮ

[ಜೊತೆಗಿದ್ದ ಹಾಳೆ]

ಲೈನ್ ಕ್ಲಿಯರ್ ಚೀಟಿ

ತಾರೀಕು: 24-2-2024
ಗಾಡಿ: ಕನಕರಾಜು ಬಿನ್ ದೊಡ್ಡಬೀರಯ್ಯ
ಎಲ್ಲಿಂದ: ನಾಗಮಂಗಲ
ಎಲ್ಲಿಗೆ: ಶ್ರೀರಂಗಪಟ್ಟಣ

ಮೇಲ್ಕಂಡ ಗಾಡಿ ಹೊರಡಬಹುದು. ಎದುರಿಗೆ ಯಾವ ಗಾಡಿಯೂ ಇಲ್ಲ. ನಾನು ನಿಂತು ನೋಡಿಕೊಳ್ಳುತ್ತೇನೆ.

ಗುಂಡು ತಂದರೂ ಸರಿ, ತರದಿದ್ದರೂ ಸರಿ. ಅದು ನಿಮ್ಮವ್ವ ನಿನಗೆ ಕೊಟ್ಟಿದ್ದು, ನಾನು ಕೇಳುವುದಿಲ್ಲ. ಗಾಡಿ ಬಂದರೆ ಸಾಕು.

ಹನ್ನೊಂದು ವರ್ಷ ಲೈನ್ ಬಂದ್ ಆಗಿದ್ದಕ್ಕೆ ಗಾಡಿಯ ತಪ್ಪಿಲ್ಲ. ಪಾಯಿಂಟ್ಸ್‌ಮನ್ ತಪ್ಪು.

ಈ ಚೀಟಿ ಬರೆಯುವ ಅಧಿಕಾರ ಮಾಸ್ತರಿಗೆ ಮಾತ್ರ. ನನಗಿಲ್ಲ. ಬರೆದಿದ್ದೀನಿ.

ದೊಡ್ಡಬೀರಯ್ಯ
ಪಾಯಿಂಟ್ಸ್‌ಮನ್, ರಿಟೈರ್ಡ್

—

ಕೃಷ್ಣರಾಜಪೇಟೆ
29 ಫೆಬ್ರವರಿ 2024

ಅಕ್ಕ,

ಮೊನ್ನೆಯಷ್ಟೇ ಎದುರುಬದುರು ಕೂತಿದ್ದು ಈಗ ಮತ್ತೆ ಕಾಗದ. ಆಗ ಬಾಯಿ ಬರಲಿಲ್ಲ, ಅದಕ್ಕೆ.

ಶನಿವಾರ ಸಂಜೆ ಎರಡು ಬಸ್ಸಿಂದ ಎರಡು ಕವರು ಬಂದವು. ಸುಮ ಕಳಿಸಿದ್ದನ್ನು ಮೊದಲು ಓದಿದೆ. ಚಮಚ ಅನ್ನುವ ಮಾತಿನ ಹತ್ತಿರ ನಿಲ್ಲಿಸಿ ಮಿಲ್ಲಿನ ನಾರಿನ ರಾಶಿಯ ಹಿಂದೆ ಹೋಗಿ ಅತ್ತೆ. ಕುಳ್ಳಯ್ಯನವರು ಯಾರೋ ಸತ್ತರು ಅಂದುಕೊಂಡು ನೀರು ತಂದುಕೊಟ್ಟರು. ಚೀಟಿಯನ್ನು ಓದಲು ಭಾನುವಾರವಿಡೀ ಬೇಕಾಯಿತು. ಒಂದೊಂದು ಸಾಲು ಓದುವುದು, ಮಡಿಸಿ ಜೇಬಿಗಿಡುವುದು. ಅಪ್ಪನ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿ ಹೋಗಿದೆ, ನೋಡಿದೆಯಾ?

ಸೋಮವಾರ ನಡೆದದ್ದನ್ನು ನೀನೂ ನೋಡಿದೆ. ಬಡಗಿಗಳು ಗರಗಸ ಹಿಡಿದು ನಿಂತಿದ್ದರು, ರವೀಂದ್ರ ವಾಚು ನೋಡಿಕೊಳ್ಳುತ್ತಿದ್ದ. ಅಪ್ಪ ಅಂಗಡಿ ಬಾಗಿಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿ, ಮಡಿಸಿದ ಹಸಿರು ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಹತ್ತು ಅಡಿ ಹತ್ತಿರ ಬರುವವರೆಗೂ ಅವರಿಗೆ ಕಾಣಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ಬಟ್ಟೆ ಬಿಚ್ಚಿ ಎತ್ತಿದರು. ಆಮೇಲೆ ಗುಂಡು ಅವರ ಕೈಗೆ ಇಟ್ಟೆ. ಹೆಬ್ಬೆಟ್ಟು ನೇರ ಆ ಚಪ್ಪಟೆ ಜಾಗಕ್ಕೆ ಹೋಗಿ ನಿಂತಿತು. ಕ್ಷಮೆ ಕೇಳಬೇಕು ಎಂದು ಬಸ್ಸಿನಲ್ಲಿ ಎರಡು ಗಂಟೆ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು "ನಡೀಲಾ, ಟೈಮಾಯ್ತು" ಅಂದುಬಿಟ್ಟರು.

ಗಾಡಿ ಓಡಿತು. ಸೇತುವೆ ಮೇಲೆ ಸದ್ದು ಬದಲಾದಾಗ ನಾವು ಮೂವರೂ ಹಿಂದಿನ ಕೋಣೆಯ ಕಡೆ ನೋಡಿದೆವು. ಆಮೇಲೆ ಮೇಜು ಕತ್ತರಿಸಿದರು. ಇಷ್ಟು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನನ್ನನ್ನು ಬಸ್ಸು ಹತ್ತಿಸಲು ಅಪ್ಪ ಬಂದರಲ್ಲ. ಬಸ್ಸಿನ ಬಾಗಿಲಲ್ಲಿ ನನ್ನ ಅಂಗಿಯನ್ನು ತಡವಿ ಜೇಬು ಹುಡುಕಿ ಗುಂಡನ್ನು ಅದಕ್ಕೆ ಹಾಕಿದರು. ನಾನು ಬೇಡಪ್ಪ, ನಿನ್ ಅತ್ರಾನೇ ಇರ್ಲಿ ಎಂದೆ.

"ತಕೊಂಡೋಗು," ಅಂದರು. ಅವ್ವ ಅಂದ ಹಾಗೇ ಅಂದರು. "ನಿಮ್ಮವ್ವ ನನ್ಗಿಂತ ಚೆಂದಾಗಿ ರೈಲ್ವೆ ಕಾನೂನು ಕಲ್ತಿದ್ಲು ಕಣ್ಲಾ. ಗುಂಡು ತಕೊಂಡೋದೋನು ವಾಪ್ಸು ತಂದು ಒಪ್ಪಿಸ್ಲೇಬೇಕು. ಮಡಿಕ್ಕೊಳಕೆ ಕೊಡಾದಲ್ಲ ಅದು."

ಹನ್ನೊಂದು ವರ್ಷ ನಾನು ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದೆ ಅಕ್ಕ. ಪಾಯಿಂಟ್ಸ್‌ಮನ್ ಮಗನಾಗಿ ನನಗೆ ಅಷ್ಟು ತಿಳಿಯಲಿಲ್ಲ.

ಗುಂಡು ಈಗ ನನ್ನ ಜೇಬಿನಲ್ಲಿದೆ. ಭಾನುವಾರ ತಂದು ಒಪ್ಪಿಸಬೇಕು. ಸುಮನೂ ಬರುತ್ತಾಳೆ, ನಾಲ್ಕು ಜನಕ್ಕೆ ಅಡಿಗೆ ಮಾಡು.

ಕನಕ